ಕಬ್ಬಿನ ಹಂಗಾಮಿನಲ್ಲಿ ಅಡಾಸ್ ಕಾರಿನ ಅಂತರ ಹೊಂದಿಸುವ ಬಗೆ

ಅಡಾಸ್, ಅಂದರೆ ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ಸೌಲಭ್ಯಗಳಿರುವ ಹಲವು ಕಾರುಗಳಲ್ಲಿ, ಮುಂದಿನ ವಾಹನಕ್ಕೆ ತಕ್ಕಂತೆ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಕ್ರೂಸ್ ವ್ಯವಸ್ಥೆಯಿರುತ್ತದೆ. ಆ ವಾಹನದೊಂದಿಗಿನ ಅಂತರವನ್ನು ಹೊಂದಿಸುವ ಗುಂಡಿ ಸ್ಟೀರಿಂಗ್ ಮೇಲಿರುತ್ತದೆ. ಅದನ್ನು ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ಮೂಡುವ ಗೆರೆಗಳು ಸಾಮಾನ್ಯವಾಗಿ ಸೂಚಿಸುವುದು ಮೀಟರುಗಳನ್ನಲ್ಲ, ಸಮಯವನ್ನು. ಬೆಳಗಾವಿಯಿಂದ ನಿಪ್ಪಾಣಿಯತ್ತ ಹೆದ್ದಾರಿ 48ರಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುವುದರಿಂದ, ಮೂರು ಸೆಕೆಂಡಿನ ಅಂತರವೆಂದರೆ 66 ಮೀಟರ್. ಮುಂದಿನ ವಾಹನ ಕಿಲೋಮೀಟರ್ ಕಲ್ಲನ್ನು ದಾಟಿದೊಡನೆ ‘ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು’ ಎಂದು ಒಂದೊಂದಕ್ಕೆ ಒಂದು ಸೆಕೆಂಡಿನಂತೆ ನಿಧಾನವಾಗಿ ಎಣಿಸಿರಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಕಲ್ಲನ್ನು ತಲುಪಿದರೆ ಇನ್ನೊಂದು ಗೆರೆ ಹೆಚ್ಚಿಸಿರಿ. ನಡುವೆ ಬೈಕಿನವರು ನುಗ್ಗುತ್ತಾರೆ, ನುಗ್ಗಲಿ.

ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದ ಮೇಲೆ ಮುಧೋಳ, ಜಮಖಂಡಿ, ಅಥಣಿ ಕಡೆಯ ರಸ್ತೆಗಳ ಲೆಕ್ಕವೇ ಬೇರೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎಷ್ಟೋ ಸಲ ಕೆಂಪು ದೀಪವಿರುವುದಿಲ್ಲ, ಇದ್ದ ಪ್ರತಿಫಲಕವನ್ನೂ ರವದಿ (ಕಬ್ಬಿನ ಒಣಗರಿ) ಮುಚ್ಚಿರುತ್ತದೆ. ಬಂಪರಿನಲ್ಲಿರುವ ರಾಡಾರ್ ಮುಖ್ಯವಾಗಿ ಟ್ರೇಲರಿನ ಕಬ್ಬಿಣವನ್ನು ಗುರುತಿಸುತ್ತದೆಯೇ ಹೊರತು, ಅದರಾಚೆ ಚಾಚಿಕೊಂಡ ಕಬ್ಬಿನ ತುದಿಗಳನ್ನಲ್ಲ. ಮಹಾಲಿಂಗಪುರದ ಹತ್ತಿರ ಒಮ್ಮೆ ನನ್ನ ಕಾರು ತನ್ನ ಪ್ರಕಾರ ಸರಿಯಾಗಿಯೇ ನಿಂತಿತ್ತು. ಆದರೆ ಗಾಜಿನ ಮುಂದೆ ಕೈಯಿಟ್ಟರೆ ಮುಟ್ಟುವಷ್ಟು ಹತ್ತಿರದಲ್ಲಿ ಕಬ್ಬಿನ ಗಳಗಳು ತೂಗಾಡುತ್ತಿದ್ದವು. ಅಂಥ ಟ್ರೇಲರಿನ ಹಿಂದೆ ನಿಲ್ಲುವಾಗ ಬ್ರೇಕನ್ನು ನೀವೇ ತುಳಿಯಿರಿ.

ಇದಕ್ಕಿಂತ ದೊಡ್ಡ ಅಪಾಯ ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತ ಟ್ರ್ಯಾಕ್ಟರಿನದು. ಸೇತುವೆ, ಫಲಕಗಳನ್ನು ಕಂಡಾಗಲೆಲ್ಲ ಬ್ರೇಕ್ ಬೀಳಬಾರದೆಂದು ಹಲವು ಕ್ರೂಸ್ ವ್ಯವಸ್ಥೆಗಳು ನಿಶ್ಚಲ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ವಯಂಚಾಲಿತ ತುರ್ತು ಬ್ರೇಕ್ ಬೇರೆಯದಾದರೂ, ವೇಗದ ವ್ಯತ್ಯಾಸ ಹೆಚ್ಚಿದ್ದಾಗ ಅದು ಪೆಟ್ಟನ್ನು ತಗ್ಗಿಸೀತು, ತಪ್ಪಿಸಿಯೇ ಬಿಡುತ್ತದೆಂಬ ಭರವಸೆಯಿಲ್ಲ. ನೀವು 80ರಲ್ಲಿ, ಟ್ರ್ಯಾಕ್ಟರ್ 20ರಲ್ಲಿ ಇದ್ದು, ಡಿಪ್ ದೀಪದಲ್ಲಿ ಅದು 50 ಮೀಟರ್ ದೂರದಲ್ಲಿ ಕಂಡರೆ ನಿಮ್ಮ ಕೈಯಲ್ಲಿರುವುದು ಮೂರೇ ಸೆಕೆಂಡು. ನೀವು 50ರಲ್ಲಿದ್ದರೆ ಆರು. ಆದ್ದರಿಂದ ರಾತ್ರಿ ಈ ರಸ್ತೆಗಳಲ್ಲಿ ಕ್ರೂಸ್ ಆಫ್ ಮಾಡಿ, 50ರ ಆಸುಪಾಸಿನಲ್ಲಿ ಹೋಗಿರಿ. ತುರ್ತು ಬ್ರೇಕನ್ನು ಮಾತ್ರ ಆಫ್ ಮಾಡಬೇಡಿರಿ.

ವಿಜಯಪುರದ ಎರೆಮಣ್ಣು ಮಳೆಯಲ್ಲಿ ಬಂಪರಿಗೆ ಅಂಟಿದರೆ ರಾಡಾರಿಗೆ ಕಣ್ಣು ಕಟ್ಟಿದಂತಾಗುತ್ತದೆ. ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಅದನ್ನೂ, ಕ್ಯಾಮೆರಾದ ಮುಂದಿನ ಗಾಜನ್ನೂ ಒರೆಸಿರಿ. ಒಣಗಿದ ಎರೆಮಣ್ಣನ್ನು ಕೆರೆಯದೆ, ನೀರು ಹಾಕಿ ನೆನೆಸಿ ತೆಗೆಯಿರಿ.