ಬೆರಳು ಜೋಡಿಸುವಾಗ ಹೆಪಾರಿನ್ ಎಷ್ಟು ಬೇಕು? ನನ್ನ ಅನುಭವ

ಪವರ್ ಪ್ರೆಸ್‌ಗೆ ಸಿಕ್ಕಿ ತುಂಡಾದ ಬೆರಳುಗಳನ್ನು ಮತ್ತೆ ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ನಾನು. ಬೆರಳಿನ ರಕ್ತನಾಳ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪ. ಅದನ್ನು ಕೂದಲಿಗಿಂತ ತೆಳುವಾದ 10-0 ನೈಲಾನ್ ದಾರದಲ್ಲಿ ಹೊಲಿಯುತ್ತೇವೆ. ಹೊಲಿದಾದ ಮೇಲೆ ಒಳಗೆ ರಕ್ತ ಹೆಪ್ಪುಗಟ್ಟಿದರೆ ಮುಗೀತು, ಬೆರಳು ಹೋದ ಹಾಗೇ.

ಮನೆಯವರು ಕೇಳುತ್ತಾರೆ, "ಡಾಕ್ಟ್ರೇ, ರಕ್ತ ತೆಳು ಮಾಡೋ ಇಂಜೆಕ್ಷನ್ ಕೊಡ್ತೀರಲ್ವಾ?" ಕೊಡುತ್ತೇನೆ, ಹೆಪಾರಿನ್ ಅಂಥದ್ದೇ ಔಷಧಿ. ಆದರೆ ಬೆರಳನ್ನು ಉಳಿಸುವುದು ಮೊದಲು ಹೊಲಿಗೆ, ಆಮೇಲೆ ಔಷಧಿ.

ಮೈಕ್ರೋಸ್ಕೋಪ್ ಅಡಿಯಲ್ಲಿ ನಾನು ಮೊದಲು ನೋಡುವುದು ನಾಳದ ಒಳಪದರ. ಚೆನ್ನಾಗಿದ್ದರೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತದೆ. ಎಳೆದು ಕಿತ್ತುಹೋದ ನಾಳದಲ್ಲಿ ಅದು ಪದರ ಪದರವಾಗಿ ಎದ್ದಿರುತ್ತದೆ, ಅಲ್ಲಲ್ಲಿ ಕೆಂಪು ಕಲೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುವುದು ಅಲ್ಲೇ. ಆ ಜಾಗದಲ್ಲಿ ಹೊಲಿದರೆ ಎಷ್ಟು ಹೆಪಾರಿನ್ ಕೊಟ್ಟರೂ ಉಪಯೋಗವಿಲ್ಲ. ಹಾಗಾಗಿ ಒಳ್ಳೆಯ ಪದರ ಕಾಣುವವರೆಗೂ, ನಾಳವನ್ನು ಹಿಡಿದಿಟ್ಟ ಕ್ಲಾಂಪ್ ಬಿಟ್ಟಾಗ ರಕ್ತ ಜೋರಾಗಿ ಚಿಮ್ಮುವವರೆಗೂ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹಿಂದೆ ಹೋಗುತ್ತೇನೆ. ಉದ್ದ ಸಾಲದಿದ್ದರೆ ಮುಂಗೈಯಿಂದ ಸಣ್ಣ ವೇನ್ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ತಂದು ನಡುವೆ ಸೇರಿಸುತ್ತೇನೆ (ಅದರಲ್ಲಿ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುತ್ತವೆ, ಬೆರಳಿಗೆ ರಕ್ತ ತರುವ ನಾಳವಾದ ಆರ್ಟರಿಗೆ ತಿರುಗಿಸಿಯೇ ಹಾಕಬೇಕು).

ಹೊಲಿಯುವಾಗ ನಾಳದ ಬಾಯಿಯನ್ನು ಹೆಪಾರಿನ್ ಬೆರೆಸಿದ ಸಲೈನ್‌ನಿಂದ ತೊಳೆಯುತ್ತಲೇ ಇರುತ್ತೇನೆ, ಮಿಲಿಲೀಟರ್‌ಗೆ 100 ಯೂನಿಟ್. ನಾಳ ಸೆಟೆದುಕೊಂಡರೆ ಮೇಲೆ ಅದನ್ನು ಸಡಿಲಿಸುವ ಪಪಾವರಿನ್ ಹನಿ. ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಕಡಿಮೆ ಡೋಸ್ ಆಸ್ಪಿರಿನ್, ಜೊತೆಗೆ ಹೊಟ್ಟೆಯ ಚರ್ಮದಡಿ ದಿನಕ್ಕೊಂದು 40 ಮಿಲಿಗ್ರಾಂ ಎನಾಕ್ಸಾಪರಿನ್ (ಹೆಪಾರಿನ್ ಜಾತಿಯದೇ ಇಂಜೆಕ್ಷನ್). ಕಿಡ್ನಿ ತೊಂದರೆ ಇದ್ದವರಿಗೆ ಈ ಡೋಸ್ ಹಾಗೇ ಕೊಡುವಂತಿಲ್ಲ. ಡ್ರಿಪ್‌ನಲ್ಲಿ ಪೂರ್ತಿ ಡೋಸ್ ಹೆಪಾರಿನ್ ಎಲ್ಲರಿಗೂ ಕೊಡುವುದಿಲ್ಲ. ನಜ್ಜುಗುಜ್ಜಾದ ಗಾಯ, ಅಥವಾ ಕಣ್ಣೆದುರೇ ಹೆಪ್ಪುಗಟ್ಟಿ ಮತ್ತೆ ಹೊಲಿಯಬೇಕಾದ ನಾಳ, ಅಂಥಲ್ಲಿ ಮಾತ್ರ.

ಜಾಸ್ತಿ ಕೊಟ್ಟರೆ ಜಾಸ್ತಿ ಸುರಕ್ಷಿತ ಅನ್ನುವುದು ತಪ್ಪು. ರಕ್ತ ಒಸರಿ ಚರ್ಮದಡಿ ಗಂಟು ಕಟ್ಟಿದರೆ ಅದು ಮೆತ್ತಗಿನ ವೇನ್ ಅನ್ನೇ ಅದುಮುತ್ತದೆ. ಹರಿವು ನಿಧಾನವಾಗುತ್ತದೆ, ಆಮೇಲೆ ಒಳಗೇ ಹೆಪ್ಪುಗಟ್ಟುತ್ತದೆ. ಯಾವುದನ್ನು ತಡೆಯಲು ಔಷಧಿ ಕೊಟ್ಟೆವೋ ಅದನ್ನೇ ಔಷಧಿ ತಂದುಹಾಕುತ್ತದೆ. ಮುಂಚೆ ಹೆಪ್ಪುಗಟ್ಟದಿರಲಿ ಅಂತ ಡೆಕ್ಸ್‌ಟ್ರಾನ್ ಅನ್ನುವ ದ್ರಾವಣದ ಡ್ರಿಪ್ ಹಾಕುವ ರೂಢಿ ಇತ್ತು. ಅಲರ್ಜಿ, ಶ್ವಾಸಕೋಶದಲ್ಲಿ ನೀರು, ಕಿಡ್ನಿಗೆ ಪೆಟ್ಟು, ಇಷ್ಟೆಲ್ಲ ಅಪಾಯ ಇರುವುದರಿಂದ ನಾನು ಬಳಸುವುದಿಲ್ಲ.

ಮೊದಲ ಎರಡು ಮೂರು ದಿನ ನರ್ಸ್‌ಗಳ ಕಣ್ಣೇ ನಿಜವಾದ ಔಷಧಿ. ಗಂಟೆಗೊಮ್ಮೆ ನೋಡಬೇಕು. ಬೆರಳು ಬಿಳಿಚಿ ತಣ್ಣಗಾಗಿ, ಒತ್ತಿ ಬಿಟ್ಟರೆ ಬಣ್ಣ ಮರಳದಿದ್ದರೆ ಆರ್ಟರಿ ಕಟ್ಟಿದೆ. ನೀಲಿಗಟ್ಟಿ ಊದಿಕೊಂಡು, ಸೂಜಿ ಚುಚ್ಚಿದಾಗ ಕಪ್ಪು ರಕ್ತ ಬಂದರೆ ವೇನ್ ಕಟ್ಟಿದೆ. ಆಗ ಡೋಸ್ ಏರಿಸಿ ಕಾಯುತ್ತಾ ಕೂರಬಾರದು, ರಾತ್ರಿ ಎರಡು ಗಂಟೆಯಾದರೂ ಥಿಯೇಟರ್‌ಗೆ ಕರೆದೊಯ್ಯಬೇಕು. ತುಂಡಾದದ್ದು ತೀರಾ ಬೆರಳಿನ ತುದಿಯಾಗಿ ಹೊಲಿಯಲು ವೇನೇ ಸಿಗದಿದ್ದರೆ ಉಗುರು ತೆಗೆದು ಹೆಪಾರಿನ್‌ನಲ್ಲಿ ನೆನೆಸಿದ ಗಾಜ್ ಇಟ್ಟು ರಕ್ತ ಒಸರಲು ಬಿಡುತ್ತೇವೆ. ಜಿಗಣೆ ಕೂಡ ಇದೇ ಕೆಲಸ ಮಾಡುತ್ತದೆ, ಅದರ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಆದರೆ ಸೋಂಕಿನ ಭಯ ಇದೆ, ಆಂಟಿಬಯಾಟಿಕ್ ಜೊತೆಗಿರಲೇಬೇಕು. ಎರಡರಲ್ಲೂ ಹಿಮೋಗ್ಲೋಬಿನ್ ಇಳಿಯುತ್ತದೆ, ದಿನಾ ನೋಡುತ್ತೇನೆ. ಹೆಪಾರಿನ್ ಐದು ದಿನ ದಾಟಿದರೆ ಪ್ಲೇಟ್‌ಲೆಟ್ ಎಣಿಕೆಯನ್ನೂ ನೋಡಬೇಕು, ಕೆಲವರಲ್ಲಿ ಅದು ಧಡಕ್ಕನೆ ಕುಸಿದು ತಿರುಗಿ ಹೆಪ್ಪುಗಟ್ಟುವಿಕೆಯೇ ಶುರುವಾಗುತ್ತದೆ. ಹಾಗಾದರೆ ಹೆಪಾರಿನ್ ಪೂರ್ತಿ ಬಂದ್, ನಾಳ ತೊಳೆಯುವ ಸಲೈನ್‌ನಲ್ಲೂ ಬೇಡ.