ಒಸ್ ಅಂದರೆ ಮೂಳೆ, ಓಸ್ ಅಂದರೆ ಬಾಯಿ

ನರ್ಸಿಂಗ್ ಮೊದಲ ವರ್ಷದ ಅನಾಟಮಿ ವೈವಾ, ಅಂದರೆ ಮೌಖಿಕ ಪರೀಕ್ಷೆ. ಆರ್ಬಿಕ್ಯುಲಾರಿಸ್ ಓರಿಸ್ ಎಲ್ಲಿದೆ ಎಂದು ಕೇಳಿದರು. ತುಟಿಯ ಸುತ್ತ ಇರುವ ಸ್ನಾಯು ಎಂದೆ. ಓರಿಸ್ ಯಾವ ಪದದಿಂದ ಬಂತು? 'ಆಸ್, ಅಂದರೆ ಬಾಯಿ ಮೇಡಂ.' 'ಹಾಗಾದ್ರೆ ಆಸ್ ಕಾಕ್ಸೆ ಅಂದ್ರೆ ಸೊಂಟದ ಬಾಯಾ?' ಪಕ್ಕದಲ್ಲಿ ನಿಂತವರೆಲ್ಲ ನಕ್ಕರು. ಅದು ಸೊಂಟದ ಮೂಳೆ ಅಂತ ನನಗೂ ಗೊತ್ತಿತ್ತು, ಬಾಯಿ ಬರಲಿಲ್ಲ ಅಷ್ಟೆ.

ಮನೆಗೆ ಬಂದು ಲ್ಯಾಟಿನ್ ನಿಘಂಟು ತೆರೆದೆ. ಇವು ಎರಡು ಬೇರೆ ಪದಗಳು. ಪಠ್ಯಪುಸ್ತಕದಲ್ಲಿ ಎರಡೂ os ಅಂತ ಒಂದೇ ಥರ ಅಚ್ಚಾಗಿರುತ್ತವೆ, ನಾವು ಇಂಗ್ಲಿಷ್ ಥರ ಎರಡನ್ನೂ 'ಆಸ್' ಅಂತಲೇ ಓದುತ್ತೇವೆ. ನಿಘಂಟಿನಲ್ಲಿ ಮಾತ್ರ ಬಾಯಿಯ ಪದಕ್ಕೆ ತಲೆಯ ಮೇಲೊಂದು ಗೆರೆ, ಅಂದರೆ ದೀರ್ಘ. ಇದಕ್ಕೆ ನಮ್ಮ ಲಿಪಿಯೇ ವಾಸಿ ಅಲ್ವಾ? ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ: ಒಸ್, ಓಸ್.

ಷಷ್ಠಿ ವಿಭಕ್ತಿಗೆ ಬಂದರೆ ಗೊಂದಲವೇ ಇಲ್ಲ. ಒಸ್ಸಿಸ್ ಎಂದರೆ ಮೂಳೆಯ, ಓರಿಸ್ ಎಂದರೆ ಬಾಯಿಯ. ಹಳೆಯ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ಒಂಟಿ ಸಕಾರ ರಕಾರವಾಯಿತು. ಮೂಳೆಯ ಪದದಲ್ಲಿ ಸಕಾರಕ್ಕೆ ಒತ್ತು ಇತ್ತು, ಉಳಿದುಕೊಂಡಿತು. ಬಹುವಚನವೂ ಹಾಗೇ: ಒಸ್ಸಾ ಮೂಳೆಗಳು, ಓರಾ ಬಾಯಿಗಳು.

ಎರಡೂ ನಪುಂಸಕ ಲಿಂಗ. ಹಾಗಾಗಿ ದ್ವಿತೀಯಾ ವಿಭಕ್ತಿಯಲ್ಲೂ ರೂಪ ಬದಲಾಗುವುದಿಲ್ಲ. ಆಪರೇಷನ್‌ಗೆ ಮುಂಚೆ ಮಂಚಕ್ಕೆ ತೂಗುಹಾಕುವ 'ಎನ್‌ಪಿಒ' ಬೋರ್ಡಿನ ಪೂರ್ಣ ರೂಪ 'ನಿಲ್ ಪೆರ್ ಓಸ್', ಬಾಯಿಯ ಮೂಲಕ ಏನೂ ಬೇಡ ಅಂತ. ಪೆರ್ ಬಂದರೆ ದ್ವಿತೀಯಾ ಬರಬೇಕು, ಬಂದಿದೆ ಕೂಡ. ಕಾಣುವುದಿಲ್ಲ ಅಷ್ಟೆ. ನಾವೂ ರೋಗಿಗೆ 'ಬಾಯಿ ತೆಗೀರಿ' ಅನ್ನುತ್ತೇವೆ. 'ಬಾಯಿಯನ್ನು' ಅಂತ ಯಾರು ಎಳೆಯುತ್ತಾರೆ?

ಹೆರಿಗೆ ವಾರ್ಡಿನಲ್ಲಿ 'ಆಸ್ ಎಷ್ಟು ತೆರೆದಿದೆ' ಎಂದು ಕೇಳುತ್ತಾರಲ್ಲ, ಅದು ದೀರ್ಘದ ಓಸ್. ಕನ್ನಡದಲ್ಲೂ ಅದು ಗರ್ಭಕೋಶದ ಬಾಯಿಯೇ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬೇರೆ. ಒಸ್‌ಗೆ ಸಂಸ್ಕೃತದ ನೆಂಟ ಅಸ್ಥಿ, ಓಸ್‌ಗೆ ಆಸ್ಯ. ಹ್ರಸ್ವಕ್ಕೆ ಹ್ರಸ್ವ, ದೀರ್ಘಕ್ಕೆ ದೀರ್ಘ! ಓಸ್‌ಗೆ ಮುಖ ಎಂಬ ಅರ್ಥವೂ ಇದೆ, ಆಸ್ಯಕ್ಕೂ ಇದೆ. ರಾವಣ ದಶಾಸ್ಯ, ಗಣಪ ಗಜಾಸ್ಯ. ಆಮೇಲೆ ಮರೆತಿದ್ದೇ ಇಲ್ಲ.

ಎಡವಿದ್ದು ನಾನೊಬ್ಬಳೇ ಅಲ್ಲ. ಸುಮಾರು 1,600 ವರ್ಷಗಳ ಹಿಂದೆ ಉತ್ತರ ಆಫ್ರಿಕಾದ ಕ್ರೈಸ್ತ ಸಂತ ಆಗಸ್ಟೀನ್, ನಮ್ಮ ಜನರ ಕಿವಿಗೆ ಹ್ರಸ್ವ ದೀರ್ಘ ತಿಳಿಯುವುದಿಲ್ಲ, ಬಾಯಿ ಅಂದುಕೊಳ್ಳದಿರಲಿ ಅಂತ ಮೂಳೆಗೆ 'ಒಸ್ಸುಮ್' ಎಂದರೂ ತಪ್ಪಿಲ್ಲ ಎಂದು ಬರೆದಿದ್ದರು. ವ್ಯಾಕರಣದ ಪ್ರಕಾರ ಅದು ತಪ್ಪು ರೂಪ. ಆದರೆ ಉಳಿದಿದ್ದು ಅದೇ: ಇಟಲಿಯವರು ಇವತ್ತಿಗೂ ಮೂಳೆಗೆ 'ಒಸ್ಸೊ' ಅನ್ನುತ್ತಾರೆ.