ಲ್ಯಾಬ್ ಟೆಕ್ನಾಲಜಿಸ್ಟ್ ಆಗಬೇಕಾ? ಟ್ಯೂಬಿನಿಂದ ಶುರು ಮಾಡಿ

ಪರೀಕ್ಷೆಯ ಫಲಿತಾಂಶ ಬಂದರೆ ಸಾಕು, ಶಿರಸಿ, ಕುಮಟಾ ಕಡೆಯ ಮಕ್ಕಳು ಕೇಳುತ್ತಾರೆ: ‘ಲ್ಯಾಬ್ ಕೋರ್ಸ್ ಮಾಡಿದ್ರೆ ಕೆಲಸ ಸಿಗ್ತದಾ?’ ಸಿಗುತ್ತದೆ, ಕೈ ಪಳಗಿದ್ದರೆ.

ದಾರಿ ಎರಡು. ಡಿಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಡಿಪ್ಲೊಮಾ ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡಿನದು. ಎಸ್ಸೆಸ್ಸೆಲ್ಸಿ ಮುಗಿಸಿಯೇ ಸೇರಬಹುದು. ಪಿಯುಸಿ ಸೈನ್ಸ್ ಓದಿದವರಿಗೆ ಅವಧಿ ಕಡಿಮೆ. ಬಿಎಸ್‌ಸಿ ಎಂಎಲ್‌ಟಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ. ಪಿಯುಸಿಯಲ್ಲಿ ಬಯಾಲಜಿ ಆಗಿದ್ದರೆ ಪದವಿಗೇ ಹೋಗಿ ಅನ್ನುತ್ತೇನೆ. ಫೀ ಕಟ್ಟುವ ಮೊದಲು ಎರಡು ವಿಷಯ ವಿಚಾರಿಸಿ: ಕಾಲೇಜಿಗೆ ಮಾನ್ಯತೆ ಇದೆಯಾ? ಜೊತೆಗಿರುವ ಆಸ್ಪತ್ರೆಗೆ ರೋಗಿಗಳು ಬರುತ್ತಾರಾ? ಕಾರವಾರದ ಕ್ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ವಾರ ಕಲಿಯುವುದನ್ನು ಖಾಲಿ ಲ್ಯಾಬಿನಲ್ಲಿ ವರ್ಷವಾದರೂ ಕಲಿಯಲಾಗದು.

ಹೆಮಟಾಲಜಿ (ರಕ್ತದ ಅಧ್ಯಯನ), ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ (ಸೂಕ್ಷ್ಮಜೀವಿಗಳ ಅಧ್ಯಯನ) ಎಲ್ಲ ಪುಸ್ತಕದಲ್ಲಿವೆ, ಓದಿಕೊಳ್ಳಿ. ಕಷ್ಟವಿರುವುದು ರಕ್ತ ತೆಗೆಯುವುದರಲ್ಲಿ.

ಮೊದಲು ರೋಗಿಯ ಹೆಸರನ್ನು ಅವರ ಬಾಯಿಂದಲೇ ಕೇಳಿ. ‘ನೀವು ಗಣಪತಿ ಅಲ್ವಾ?’ ಅಂದರೆ ಸುಮ್ನೆ ಹೂಂ ಅನ್ನುವವರೇ ಜಾಸ್ತಿ. ತೋಳಿಗೆ ಪಟ್ಟಿ ಕಟ್ಟಿದರೆ ಒಂದು ನಿಮಿಷದೊಳಗೆ ಬಿಚ್ಚಿ. ‘ನರ’ (ಅಂದರೆ ರಕ್ತನಾಳ) ಸಿಗದಿದ್ದರೆ ಕಣ್ಣಲ್ಲಿ ಹುಡುಕಬೇಡಿ, ಬೆರಳಲ್ಲಿ ಹುಡುಕಿ. ರಕ್ತ ತುಂಬುವ ಟ್ಯೂಬಿಗೂ ಮುಚ್ಚಳದ ಬಣ್ಣದ ಪ್ರಕಾರ ಸರದಿ ಇದೆ: ತಿಳಿನೀಲಿ, ಕೆಂಪು, ಹಸಿರು, ನೇರಳೆ, ಕೊನೆಗೆ ಬೂದು.

ಕಲಿಯುವಾಗ ನಾನೂ ಎಡವಿದ್ದೆ. ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲ ಅಂತ ನೇರಳೆಯದರಿಂದ ಸ್ವಲ್ಪ ಸುರಿದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ವಿಪರೀತ ಜಾಸ್ತಿ, ಕ್ಯಾಲ್ಸಿಯಂ ತಳಕ್ಕೆ! ಆ ಅಂಕಿ ನಿಜವಾಗಿದ್ದರೆ ರೋಗಿಯ ಎದೆಬಡಿತವೇ ನಿಲ್ಲಬೇಕಿತ್ತು; ಅವರು ಹೊರಗೆ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಿದ್ದರು. ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಅನ್ನುವ ರಾಸಾಯನಿಕ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮಷೀನಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಕೊಟ್ಟದ್ದನ್ನು ಅಳೆಯುತ್ತದೆ ಅಷ್ಟೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ತೊಂದರೆ ದೂರದ್ದು. ಘಟ್ಟದ ಮೇಲಿನ ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಪೇಟೆಯ ಲ್ಯಾಬ್ ಮುಟ್ಟುವಾಗ ಮಧ್ಯಾಹ್ನ. ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತವೆ, ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟ್. ಬೂದು ಟ್ಯೂಬಿನ ಫ್ಲೋರೈಡ್ ಇರುವುದು ಅದನ್ನು ತಡೆಯಲಿಕ್ಕೆ. ಸಿದ್ದಾಪುರ ಕಡೆ ಮಂಗನ ಕಾಯಿಲೆಯ ಅನುಮಾನವಿದ್ದರಂತೂ ಸ್ಯಾಂಪಲ್ಲನ್ನು ಮೂರು ಪದರದಲ್ಲಿ ಭದ್ರ ಮಾಡಿ, ಐಸ್ ಪ್ಯಾಕ್ ಜೊತೆಗೇ ಕಳಿಸಬೇಕು.

ಗಾಜಿನ ಮೇಲೆ ರಕ್ತ ಲೇಪಿಸಿ ಮಲೇರಿಯಾ ಸ್ಲೈಡ್ ದಿನಾ ಮಾಡಿ. ದಪ್ಪ ಲೇಪದಲ್ಲಿ ಪರಾವಲಂಬಿ ಬೇಗ ಸಿಗುತ್ತದೆ, ತೆಳು ಲೇಪದಲ್ಲಿ ಅದರ ಜಾತಿ ತಿಳಿಯುತ್ತದೆ. ಆಷಾಢದಲ್ಲಿ ಕಾರವಾರದ ಹವೆಗೆ ಲೇಪ ಒಣಗುವುದೇ ಇಲ್ಲ. ಹಾಗಂತ ದಪ್ಪ ಲೇಪವನ್ನು ಬೆಂಕಿಗೆ ಹಿಡಿಯಬೇಡಿ. ಮುಚ್ಚಿಡಿ, ಇಲ್ಲದಿದ್ದರೆ ನೊಣ, ಇರುವೆ ತಿಂದು ಹೋಗುತ್ತವೆ. ಸಂಜೆ ಮನೆಗೆ ಹೊರಡುವಾಗ ಮೈಕ್ರೋಸ್ಕೋಪಿನ ಎಣ್ಣೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹತ್ತಿರವಿಟ್ಟು ಮುಚ್ಚಿ. ಒಂದು ಮಳೆಗಾಲ ಹಾಗೇ ಬಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.